ಎಣ್ಣೆಗೆ ಕೈ ಕೊಡದ ಪಕ್ಕೀರಮ್ಮ

ನಮ್ಮ ದೊಡ್ಡವ್ವ ಪಕ್ಕೀರಮ್ಮನ ಬಗ್ಗೆ ಕುರುಗೋಡಿನಲ್ಲಿ ಇಂದಿಗೂ ಎರಡು ಮಾತು ಓಡಾಡುತ್ತವೆ. ಆಕೆಯ ಬಲಗೈಯಲ್ಲಿ ಸುಂಕ್ಲಮ್ಮ ದೇವಿ ನೆಲೆಸಿದ್ದಳು ಎನ್ನುವುದು ಒಂದು. ಅದೇ ಕೈಯನ್ನು ಸುಂಕ್ಲಮ್ಮ ಸಿಟ್ಟಿಗೆದ್ದು ಹಾಳು ಮಾಡಿದಳು ಎನ್ನುವುದು ಇನ್ನೊಂದು. ಎರಡೂ ಶುದ್ಧ ಸುಳ್ಳು. ಎರಡನ್ನೂ ಹುಟ್ಟಿಸಿದವರು ಒಂದೇ ಓಣಿಯ ಜನ, ಎರಡರ ನಡುವೆ ಇದ್ದದ್ದು ಒಂದು ಮಧ್ಯಾಹ್ನ. ನಾನು ಬಳ್ಳಾರಿಯಲ್ಲಿ ಹೆಣ್ಣುಮಕ್ಕಳಿಗೆ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸುಳ್ಳು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ದೇವಿಯ ಮೇಲೆ ನನಗೇನೂ ಕೋಪವಿಲ್ಲ. ಆಕೆ ಪಾಪ, ಗುಡಿಯೊಳಗೆ ಸುಮ್ಮನೆ ಕೂತಿದ್ದಳು.

ದೊಡ್ಡವ್ವ ಅಂದರೆ ನನ್ನ ತಾಯಿಯ ಅಕ್ಕ. ಹುಟ್ಟಿದ್ದು ಸಿರುಗುಪ್ಪದಲ್ಲಿ, ಸೊಸೆಯಾಗಿ ಬಂದದ್ದು ಕುರುಗೋಡಿನ ಗಾಣಗೇರ ಓಣಿಗೆ. ಆಕೆ ಬಂದಾಗ ಗಂಡ ಎರ್ರಿಸ್ವಾಮಿಯ ಮನೆಯ ಹಿತ್ತಲಲ್ಲಿ ಗಾಣ ತಿರುಗುತ್ತಿತ್ತಂತೆ. ಎಣ್ಣೆ ಮಿಲ್ಲುಗಳು ಬಂದವು, ಗಾಣ ನಿಂತಿತು. ಎತ್ತು ಮಾರಿ ದೊಡ್ಡಪ್ಪ ಮಾರುಕಟ್ಟೆಯಲ್ಲಿ ಮೂಟೆ ಹೊರಲು ಹೋದ. ದೊಡ್ಡವ್ವ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಒಲೆ ಹೂಡಿ, ಬಾಣಲೆ ಇಟ್ಟು, ಮಿರ್ಚಿ ಕರಿಯತೊಡಗಿದಳು. ಆಳೆತ್ತರದ ಹೆಂಗಸು. ಧ್ವನಿ ಎಂಥದೆಂದರೆ ಬಳ್ಳಾರಿ ಬಸ್ಸಿನ ಕಂಡಕ್ಟರು ಸೀಟಿ ಊದುವ ಬದಲು ಆಕೆ ಕೂಗಲಿ ಎಂದು ಕಾಯುತ್ತಿದ್ದ. "ಏಳ್ರೀ, ಬಸ್ ಹೊಂಟೈತಿ, ತಿಂದದ್ದು ಸಾಕು" ಎಂದು ಗಿರಾಕಿಗಳನ್ನು ತಾನೇ ಎಬ್ಬಿಸಿ ಕಳಿಸುವ ಅಂಗಡಿಯವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಈಗ ಎಣ್ಣೆಯ ವಿಷಯ. ಗಾಣಗೇರ ಓಣಿಯ ತಲೆಯಲ್ಲಿ ಸುಂಕ್ಲಮ್ಮನ ಸಣ್ಣ ಗುಡಿ ಇದೆ. ಯುಗಾದಿ ಕಳೆದ ಮೇಲೆ ಬರುವ ಒಂದು ಮಂಗಳವಾರ ಗುಡಿಯ ಮುಂದೆ ದೊಡ್ಡ ಬಾಣಲೆ ಇಟ್ಟು ಕಡುಬು ಕರಿಯುತ್ತಾರೆ. ಓಣಿಯ ಒಬ್ಬ ಸೊಸೆ ಹಿಂದಿನ ದಿನದಿಂದ ಉಪವಾಸವಿದ್ದು, ಒದ್ದೆ ಸೀರೆಯಲ್ಲಿ ಬಂದು, ಕುದಿಯುವ ಎಣ್ಣೆಗೆ ಬಲಗೈ ಹಾಕಿ ಒಂದು ಕಡುಬು ತೆಗೆಯಬೇಕು. ಎಣ್ಣೆ ನಮ್ಮ ಕುಲದ್ದು, ಕೈಯೂ ನಮ್ಮ ಕುಲದ್ದೇ ಇರಬೇಕು ಅನ್ನುವುದು ಲೆಕ್ಕ. ಕೈ ಸುಡದಿದ್ದರೆ ವರ್ಷ ಸುಖವಾಗಿರುತ್ತದೆ. ಸುಟ್ಟರೆ ಆ ಸೊಸೆಯ ನಡತೆಯಲ್ಲೇ ಏನೋ ಇದೆ. ಗಂಡಸರ ನಡತೆಯನ್ನು ಎಣ್ಣೆ ಕೇಳುತ್ತಿರಲಿಲ್ಲ.

ಮೊಣಕೈವರೆಗೆ ಅರಿಶಿನ ನೀರು ಸುರಿದುಕೊಂಡು, ಮಿಂಚಿನಂತೆ ಅದ್ದಿ ತೆಗೆದರೆ ಒದ್ದೆ ಕೈಯನ್ನು ಆವಿ ಒಂದು ಗಳಿಗೆ ಕಾಯುತ್ತದೆ. ಬಹಳ ಜನ ಬೊಬ್ಬೆ ಏಳದೆ ಪಾರಾಗುತ್ತಿದ್ದದ್ದು ಹಾಗೆ. ಆದರೂ ಪ್ರಾಣ ಬಾಯಿಗೆ ಬರುತ್ತಿತ್ತು. ಸರದಿ ಯಾರ ಮನೆಯದೋ ಆ ಮನೆಯ ಸೊಸೆಯ ತವರಿನಲ್ಲಿ ಸರಿಯಾಗಿ ಅದೇ ವಾರ ಯಾರಿಗಾದರೂ ಜ್ವರ ಬರುತ್ತಿತ್ತು. ಎಲ್ಲರೂ ನಂಬುವ ದೇವಿಗೆ ಯಾರೂ ಕೈ ಕೊಡಲು ತಯಾರಿಲ್ಲ.

ಹೀಗಿರುವಾಗ ಒಂದು ದಿನ ಬಸ್ ನಿಲ್ದಾಣದಲ್ಲಿ ಯಾವನೋ ಲಾರಿ ಡ್ರೈವರ್ ದೊಡ್ಡವ್ವನ ಕೈ ನೋಡಿ ಬೆರಗಾದ. ಆಕೆ ಮಾತಾಡುತ್ತಾ ಮಾತಾಡುತ್ತಾ ಬಾಣಲೆಯ ಅಂಚಿಗೆ ಸಿಕ್ಕಿಕೊಂಡ ಮಿರ್ಚಿಯನ್ನು ಎಣ್ಣೆಯಿಂದ ಬೆರಳಿನಲ್ಲೇ ಎತ್ತಿ ತಟ್ಟೆಗೆ ಹಾಕಿದ್ದಳು.

"ಸುಡಂಗಿಲ್ಲೇನವ್ವಾ?" ಎಂದ.

"ವರ್ಷಾನುಗಟ್ಲೆ ಇದ್ರಾಗ ಆಡಿದ ಕೈ ಅಪಾ. ಪಳಗೈತಿ," ಎಂದಳು ಆಕೆ. ಹಾಗೆಂದು ತಾನೂ ನಂಬಿದ್ದಳು. ಅಡುಗೆ ಮಾಡುವವರೆಲ್ಲ ಹಾಗೇ ನಂಬುತ್ತಾರೆ.

ಸುದ್ದಿ ಓಣಿಗೆ ಮುಟ್ಟುವುದಕ್ಕೆ ಹೊತ್ತು ಹಿಡಿಯಲಿಲ್ಲ. ಗುಡಿಯ ಹಿರಿಯ ಕೊಟ್ರಬಸಪ್ಪನವರು ತಾವೇ ಮನೆಗೆ ಬಂದು ಆ ವರ್ಷದ ಕಡುಬು ಪಕ್ಕೀರಮ್ಮನೇ ತೆಗೆಯಲಿ ಎಂದರು. ಅದು ೧೯೬೯. ಆಕೆ ತೆಗೆದಳು. ಎಲ್ಲರ ಹಾಗೆ ಕಿರುಚಿ ಕೈ ಎಳೆದುಕೊಳ್ಳಲಿಲ್ಲ. ಒಂದು ಕಡುಬು ತೆಗೆದು, ಇನ್ನೊಂದು ಬೇಕೇ ಎನ್ನುವಂತೆ ಕೊಟ್ರಬಸಪ್ಪನವರ ಮುಖ ನೋಡಿ, ಮತ್ತೆ ಕೈ ಹಾಕಿ ಅದನ್ನೂ ತೆಗೆದಳು. ಜನ ದಬದಬ ಕಾಲಿಗೆ ಬಿದ್ದರು. ಅಷ್ಟರವರೆಗೆ ಆಕೆಯ ಬಾಯಿಗೆ ಹೆದರಿ ಅಡ್ಡ ಓಣಿ ಹಿಡಿಯುತ್ತಿದ್ದವರು ಆಕೆಯ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡರು.

ಸಂಜೆಗೆ ಬೊಬ್ಬೆ ಎದ್ದವು. ಅಮ್ಮ ಮುತ್ತು ಕೊಟ್ಟಿದ್ದಾಳೆ ಎಂದು ಗುಡಿಯ ಅರಿಶಿನದ ಭಂಡಾರ ಹಚ್ಚಿದರು. ಮರುವರ್ಷವೂ ಆಕೆಯೇ ಕೈ ಹಾಕಿದಳು, ಗಾಯ ಬೇಸಿಗೆ ಪೂರ್ತಿ ಮಾಯಲಿಲ್ಲ. ಆಮೇಲೆ ಕಿರುಬೆರಳು, ಉಂಗುರದ ಬೆರಳು ಒಳಕ್ಕೆ ಬಾಗತೊಡಗಿದವು. ಅಮ್ಮ ಬೆರಳಲ್ಲಿ ಮುದ್ರೆ ಹಿಡಿದಿದ್ದಾಳೆ ಎಂದರು. ಓಣಿಯ ಸೊಸೆಯರ ಸರದಿ ತಪ್ಪಿತ್ತಲ್ಲ, ಬೆರಳು ಬಾಗಿದ್ದಕ್ಕೂ ಅರ್ಥ ಹುಡುಕುವ ಉತ್ಸಾಹ ಎಲ್ಲ ಮನೆಗಳಲ್ಲೂ ಇತ್ತು. ದೊಡ್ಡಪ್ಪನಿಗಂತೂ ಮಾರುಕಟ್ಟೆಯಲ್ಲಿ ಹೊಸ ಮರ್ಯಾದೆ. ಮೂಟೆ ಹೊರುವಾಗಲೂ ಹಣೆ ತುಂಬ ಭಂಡಾರ ಹಚ್ಚಿಕೊಂಡಿರುತ್ತಿದ್ದ.

ಮೂರನೆಯ ಯುಗಾದಿಗೆ ಇನ್ನೂ ಸ್ವಲ್ಪ ದಿನವಿತ್ತು. ನಾನು ಆಗ ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆಯಿಂದ ಕಾಲೇಜಿಗೆ ಹೋಗುತ್ತಿದ್ದೆ. ರಜೆಗೆ ಕುರುಗೋಡಿಗೆ ಬಂದವಳು ದೊಡ್ಡವ್ವನ ಪಕ್ಕದಲ್ಲಿ ಕೂತು ಹಿಟ್ಟು ಕಲಸುತ್ತಿದ್ದೆ. ಸಿರುಗುಪ್ಪ ಬಸ್ಸಿಗೆ ಕಾಯುತ್ತಿದ್ದ ಒಬ್ಬರು ಮಿರ್ಚಿ ತಿನ್ನುತ್ತಾ ತಿನ್ನುತ್ತಾ ನಿಲ್ಲಿಸಿ ಆಕೆಯ ಕೈಯನ್ನೇ ನೋಡತೊಡಗಿದರು. ತೆಳ್ಳನೆಯ ಮನುಷ್ಯ, ಜೇಬಿನಲ್ಲಿ ಪೆನ್ನಿನ ಜೊತೆ ಒಂದು ಕೋಳಿಗರಿ. ಹೆಸರು ಅಯ್ಯಣ್ಣ. ಕುಷ್ಠರೋಗ ಹುಡುಕಿ ಮಾತ್ರೆ ಕೊಡುವ ಸರ್ಕಾರಿ ಕೆಲಸಗಾರರು, ಸಿರುಗುಪ್ಪದಲ್ಲಿ ಕಚೇರಿ.

"ಅಮ್ಮಾರ, ತಪ್ಪು ತಿಳ್ಕೋಬ್ಯಾಡ್ರಿ," ಎಂದು ಶುರು ಮಾಡಿದರು. ದನಿ ಎಷ್ಟು ಸಣ್ಣದಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು. "ತೋಳಿನ ಮ್ಯಾಲಿನ ಆ ಬಿಳಿ ಮಚ್ಚಿ ಎಷ್ಟು ದಿನದಿಂದ ಐತಿ?"

"ಅದಾ? ತದ್ದು. ತುರಿಸಂಗಿಲ್ಲ, ನೋಯಂಗಿಲ್ಲ. ಅದರ ಪಾಡಿಗಿ ಅದು ಐತಿ."

ನೋಯುವುದಿಲ್ಲ ಎಂದದ್ದಕ್ಕೇ ಆತನ ಮುಖ ಸಣ್ಣಗಾಯಿತು. ಗಿರಾಕಿಗಳು ಬಸ್ ಹತ್ತಿ ಹೋದ ಮೇಲೆ ಮರದ ಹಿಂದೆ ಕರೆದು ಕೂರಿಸಿ, ಕಣ್ಣು ಮುಚ್ಚಿಸಿ, ಗರಿ ತಗುಲಿದ ಕಡೆ ಬೆರಳಿಟ್ಟು ತೋರಿಸಿ ಎಂದರು. ಎಡಗೈಯಲ್ಲಿ ಆಕೆ ತಪ್ಪದೆ ತೋರಿಸಿದಳು. ಬಲಗೈಗೆ ಬಂದಾಗ ಸುಮ್ಮನೆ ಕೂತಳು. ಬಹಳ ಹೊತ್ತಾಯಿತೆಂದು ಕಣ್ಣು ಬಿಟ್ಟು ನೋಡಿದರೆ ಗರಿ ಆಕೆಯ ಕಿರುಬೆರಳ ಪಕ್ಕದಲ್ಲಿ ಆಡುತ್ತಿತ್ತು. ಬಿಸಿನೀರಿನ ಗಾಜಿನ ನಳಿಕೆ, ತಣ್ಣೀರಿನ ನಳಿಕೆ ಇಟ್ಟು ಕೇಳಿದರು. ಎರಡೂ ಒಂದೇ ಎಂದಳು. ಆತ ಮೊಣಕೈಯ ಹಿಂದೆ ತಡವಿ ನನ್ನ ಬೆರಳನ್ನೂ ಅಲ್ಲಿಗೆ ಇಡಿಸಿದರು. ಚರ್ಮದ ಕೆಳಗೆ ನರ ಸಣ್ಣ ಹಗ್ಗದಂತೆ ಗಟ್ಟಿಯಾಗಿತ್ತು.

ಆತ ಅಂದು ಹೇಳಿದ್ದನ್ನೇ ಮುಂದೆ ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುತ್ತಿದ್ದೆ. ಚರ್ಮ ಒಂದೇ ಹೊದಿಕೆಯಂತೆ ಕಂಡರೂ ಅದರೊಳಗೆ ಬೇರೆಬೇರೆ ಸುದ್ದಿಗೆ ಬೇರೆಬೇರೆ ಗ್ರಾಹಕಗಳಿವೆ. ಹಗುರ ಸ್ಪರ್ಶಕ್ಕೆ ಒಂದು, ಒತ್ತಡಕ್ಕೆ ಒಂದು, ಬಿಸಿಗೆ, ತಂಪಿಗೆ, ನೋವಿಗೆ ಬೇರೆ. ಅವೆಲ್ಲ ನರಕೋಶಗಳ ತುದಿಗಳು. ಕೋಶದ ಒಡಲು ಬೆನ್ನೆಲುಬಿನ ಪಕ್ಕದಲ್ಲಿ ಕೂತಿರುತ್ತದೆ, ಅದರ ತಂತು ಅಲ್ಲಿಂದ ತೋಳುದ್ದಕ್ಕೂ ಇಳಿದು ಬೆರಳ ತುದಿಗೆ ಬರುತ್ತದೆ. ಕಣ್ಣಿಗೆ ಕಾಣದ ಒಂದು ಕೋಶ, ಉದ್ದ ಮಾತ್ರ ತೋಳಿನಷ್ಟು. ಆ ತಂತುವಿಗೆ ಸುತ್ತಿಕೊಂಡು ಅದನ್ನು ಕಾಪಾಡುವ ಬೇರೆ ಕೋಶಗಳಿರುತ್ತವೆ. ಕುಷ್ಠದ ರೋಗಾಣು ಮನೆ ಮಾಡುವುದು ಆ ಕಾಪಾಡುವ ಕೋಶಗಳಲ್ಲೇ, ಅದೂ ಮೈಯ ತಣ್ಣಗಿನ ಭಾಗಗಳಲ್ಲಿ. ಹೊದಿಕೆ ಹಾಳಾಗಿ ತಂತು ಸತ್ತರೆ ಬಿಸಿಯ ಸುದ್ದಿ, ನೋವಿನ ಸುದ್ದಿ ಬೆನ್ನುಹುರಿಗೆ ತಲುಪುವುದೇ ಇಲ್ಲ. ಕೈ ಸುಡುವುದು ನಿಲ್ಲುವುದಿಲ್ಲ, ಸುಡುತ್ತಿದೆ ಎಂದು ಗೊತ್ತಾಗುವುದು ನಿಲ್ಲುತ್ತದೆ. ಬೆವರೂ ನಿಲ್ಲುತ್ತದೆ, ಚರ್ಮ ಒಣಗಿ ಸೀಳುತ್ತದೆ. ನೋವಿಲ್ಲದ ಕೈಯನ್ನು ವರ ಎಂದು ಕರೆದವರನ್ನು ನನ್ನ ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೂರಿಸುತ್ತಿರಲಿಲ್ಲ.

ದೊಡ್ಡವ್ವ ಎಲ್ಲ ಕೇಳಿ ಕೈ ನೋಡಿಕೊಂಡಳು. ನಾನು ಅಳಲು ಶುರು ಮಾಡಿದ್ದೆ. ಆಕೆ ಅಳಲಿಲ್ಲ. ಆಕೆಗೆ ಬಂದದ್ದು ಸಿಟ್ಟು.

"ಅಂದ್ರ ಇಷ್ಟು ದಿನ ಊರು ನನ್ನ ರೋಗಕ್ಕ ಕೈ ಮುಗಿದೈತಿ," ಎಂದಳು.

"ಗುಳಿಗಿ ತಗೊಂಡ್ರ ರೋಗ ನಿಲ್ಲತೈತ್ರಿ. ನಿಮ್ಮದು ಒಬ್ಬರಿಂದ ಒಬ್ಬರಿಗೆ ಅಂಟೋ ನಮೂನಿನೂ ಅಲ್ಲ," ಎಂದರು ಅಯ್ಯಣ್ಣ. "ಸತ್ತ ನರ ಮಾತ್ರ ತಿರುಗಿ ಬರಂಗಿಲ್ಲ. ಕೈ ಉಳಿಸಿಕೊಳ್ಳೋದು ನಿಮ್ಮ ಕೈಯಾಗ ಐತಿ. ಬೆಂಕಿ ಹತ್ರ ಬಟ್ಟಿ ಸುತ್ತಿಕೊಳ್ರಿ. ಇನ್ನೊಂದು ಸಲ ಎಣ್ಯಾಗ ಇಟ್ರ ಗಾಯ ಎಲುಬಿಗಿ ಇಳೀತೈತಿ, ಬೆರಳು ಉಳಿಯಂಗಿಲ್ಲ."

ಆಮೇಲೆ ಆತ ಹೇಳಿದ್ದು ಕೇಳಿ ನನಗೆ ಆಶ್ಚರ್ಯವಾಯಿತು. "ಹಬ್ಬದ ವಾರ ತವರಿಗಿ ಹೋಗಿಬಿಡ್ರಿ. ಗುಳಿಗಿ ಸಿರುಗುಪ್ಪಕ್ಕ ಬಂದು ತಗೊಳ್ರಿ, ಅಲ್ಲಿ ಈ ಊರಿನವರು ಯಾರೂ ನೋಡಂಗಿಲ್ಲ. ರೋಗದ ಹೆಸರು ಮಾತ್ರ ಬಾಯಾಗ ತರಬ್ಯಾಡ್ರಿ. ಹೆಸರು ಹೇಳಿದವರನ್ನ ಊರು ಬಿಡಿಸಿದ್ದು ನಾನು ಭಾಳ ನೋಡೀನಿ."

ಆತ ಹೆದರಿದ್ದು ತನಗಾಗಿ ಅಲ್ಲ, ಆಕೆಗಾಗಿ. ಅದು ನನಗೆ ಆಗ ಅರ್ಥವಾಗಲಿಲ್ಲ. ದೊಡ್ಡವ್ವನಿಗೆ ಅರ್ಥವಾಗಿತ್ತು, ಆದರೆ ಒಪ್ಪಿಗೆಯಾಗಲಿಲ್ಲ.

"ಈ ವರ್ಷ ತವರಿಗಿ ಓಡಿದ್ರ ಮುಂದಿನ ವರ್ಷ ಮತ್ತ ಇದೇ ಕೈ ಕೇಳ್ತಾರ. ಎಷ್ಟು ವರ್ಷ ಅಂತ ಓಡ್ಲಿ? ಕೈ ನಂದು. ಯಾಕ ಕೊಡಂಗಿಲ್ಲ ಅಂತ ಹೇಳೇ ಬಿಡ್ತೀನಿ."

"ಹೇಳಿದ್ರ ಮಿರ್ಚಿ ತಿನ್ನೋರು ಯಾರ್ರಿ?"

"ಯಾರೂ ತಿನ್ನಲಿಲ್ಲಂದ್ರ ನಾನ ತಿಂತೀನಿ."

ಆ ಮಂಗಳವಾರ ಬಂತು. ಓಣಿಯ ಜನವೆಲ್ಲ ಗುಡಿಯ ಮುಂದೆ ಸೇರಿತ್ತು. ಬಾಣಲೆಯಲ್ಲಿ ಕಡುಬು ತೇಲುತ್ತಿದ್ದವು. ಒದ್ದೆ ಸೀರೆ, ಬಿಚ್ಚಿದ ಕೂದಲಿನಲ್ಲಿ ಬರಬೇಕಿದ್ದ ಪಕ್ಕೀರಮ್ಮ ಹೊಟ್ಟೆ ತುಂಬ ಉಂಡು, ಎಲೆಅಡಿಕೆ ಹಾಕಿಕೊಂಡು, ಒಣ ಸೀರೆಯ ನೆರಿಗೆ ಹಿಡಿದು ಬಂದಳು. ಬಾಯಿ ಕೆಂಪಗಿತ್ತು.

"ಇದೇನವ್ವಾ ಪಕ್ಕೀರಮ್ಮ? ಉಪಾಸ ಇಲ್ಲೇನು?" ಎಂದರು ಕೊಟ್ರಬಸಪ್ಪನವರು.

"ಇಲ್ರೀ ಮಾವಾರ. ಉಂಡು ಬಂದೀನಿ. ಕೈ ಹಾಕಂಗಿಲ್ಲ."

"ಅಮ್ಮ ಕೇಳ್ತಾಳವ್ವಾ."

"ಅಮ್ಮ ಕೇಳಿಲ್ರಿ. ಕೇಳಾಕತ್ತೋರು ನೀವು. ಈ ಕೈಯಾಗ ಅಮ್ಮನೂ ಇಲ್ಲ, ಗಿಮ್ಮನೂ ಇಲ್ಲ. ಕುಷ್ಠ ಐತಿ. ನರ ಸತ್ತಾವು, ಅದಕ್ಕ ಉರಿ ಗೊತ್ತಾಗವಲ್ದು. ಗುಳಿಗಿ ನುಂಗಾಕತ್ತೀನಿ. ಬೆರಳು ಉಳಿಸಿಕೊಳ್ಳಬೇಕು ಅಂತ ಮಾಡೀನಿ."

ನಮ್ಮ ಕಡೆ ಆ ರೋಗದ ಹೆಸರು ಯಾರೂ ಹೇಳುವುದಿಲ್ಲ, ದೊಡ್ಡ ರೋಗ ಎಂದು ದನಿ ತಗ್ಗಿಸುತ್ತಾರೆ. ಆಕೆ ಬಸ್ಸಿನ ಹೊತ್ತು ಕೂಗುವ ದನಿಯಲ್ಲೇ ಹೇಳಿದಳು. ಗುಡಿಯ ಮುಂದೆ ಗೆರೆ ಎಳೆದ ಹಾಗೆ ಜನ ಹಿಂದೆ ಸರಿದರು. ಹೋದ ವರ್ಷ ಅದೇ ಅಂಗೈಯನ್ನು ಕಣ್ಣಿಗೆ ಒತ್ತಿಕೊಂಡವಳೊಬ್ಬಳು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಅತ್ತದ್ದಕ್ಕಲ್ಲ. ಯಾರೂ ತೆಗೆಯದ ಕಡುಬುಗಳು ಎಣ್ಣೆಯಲ್ಲೇ ಕರಕಲಾದವು. ಅಮ್ಮನ ಶಾಪ ಎಂಬ ಎರಡನೆಯ ಸುಳ್ಳು ಹುಟ್ಟಿದ್ದು ಆಗ, ಕಡುಬು ಸೀದ ವಾಸನೆಯಲ್ಲಿ.

ಮುಂದಿನದು ಅಯ್ಯಣ್ಣ ಹೇಳಿದಂತೆಯೇ ಆಯಿತು. ಬಾವಿಯಲ್ಲಿ ಆಕೆ ಎಲ್ಲರ ಕೊನೆಗೆ ನೀರು ಸೇದಬೇಕು. ಗುಡಿಯ ಕಟ್ಟೆ ಹತ್ತಬಾರದು. ಮೈದುನ ಬಂದು, ಇಂಥವರನ್ನು ಇಟ್ಟುಕೊಳ್ಳುವ ಆಶ್ರಮಗಳಿರುತ್ತವೆ, ವಿಚಾರಿಸೋಣ ಎಂದ. "ವಿಚಾರಿಸು. ಜಾಗ ಚಲೋ ಇದ್ರ ನೀನ ಇರು ಹೋಗು," ಎಂದಳು. ದೊಡ್ಡಪ್ಪ ಹಣೆಯ ಭಂಡಾರ ತೊಳೆದುಕೊಂಡು ಮಾರುಕಟ್ಟೆಯ ಗೋದಾಮಿನಲ್ಲೇ ಮಲಗತೊಡಗಿದ. ಆಕೆಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದು. ಆ ನೋವನ್ನು ಮುಟ್ಟಿಸುವ ನರ ಎಲ್ಲಿತ್ತೋ ಗೊತ್ತಿಲ್ಲ, ಅದು ಮಾತ್ರ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.

ಆದರೂ ಒಲೆ ಹೂಡುವುದನ್ನು ನಿಲ್ಲಿಸಲಿಲ್ಲ. ಅದೇ ಬೇವಿನ ಮರ, ಅದೇ ಬಾಣಲೆ. ಬಲಗೈಗೆ ದಪ್ಪ ಬಟ್ಟೆ ಸುತ್ತಿ, ರವಿಕೆಯ ತೋಳು ಮಡಚಿ ಮಚ್ಚೆ ಕಾಣುವಂತೆ ಕೂರುತ್ತಿದ್ದಳು. ಮುಚ್ಚಿಕೊಂಡು ಕೂತರೆ ತಾನೇ ತಪ್ಪು ಮಾಡಿದ ಹಾಗೆ ಆಗುತ್ತದೆ ಎನ್ನುತ್ತಿದ್ದಳು. ಊರಿನವರು ಬರಲಿಲ್ಲ. ಸಿರುಗುಪ್ಪದ ಕಡೆ ವಲಸೆ ರೈತರ ಕ್ಯಾಂಪುಗಳಿಗೆ ಭತ್ತದ ನಾಟಿಗೆ ಹೋಗುವ ತೆಲುಗು ಕೂಲಿ ಹೆಂಗಸರು ಬಸ್ಸಿನಿಂದ ಇಳಿದು ತಿಂದರು. ಅವರಿಗೆ ಓಣಿಯವರು ಓಡಿಬಂದು ಸುದ್ದಿ ಮುಟ್ಟಿಸಿದರು. ಕೆಲವರು ತಟ್ಟೆ ಇಟ್ಟು ಎದ್ದರು. ಕೆಲವರು ಕೈಯಲ್ಲಿದ್ದ ಮಿರ್ಚಿ ನೋಡಿ, ಬಾಣಲೆಯ ಹೊಗೆ ನೋಡಿ, ಹಸಿವು ನೋಡಿಕೊಂಡು, ತಿಂದೇ ಬಸ್ ಹತ್ತಿದರು.

ಅಯ್ಯಣ್ಣ ಮಾತ್ರೆಯನ್ನು ಕಾಗದದಲ್ಲಿ ಸುತ್ತಿ ಯಾರಿಗೂ ಕಾಣದಂತೆ ಕೊಡುತ್ತಿದ್ದರು. ಆಕೆ ಕಾಗದ ಬಿಚ್ಚಿ, ಮಾತ್ರೆ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಚಹಾದ ಜೊತೆ ನುಂಗುತ್ತಿದ್ದಳು. ಆತನಿಗೆ ಬೆವರು ಕಿತ್ತು ಬರುತ್ತಿತ್ತು. ಒಂದು ಮಧ್ಯಾಹ್ನ ಹೀಗೆ ನುಂಗುತ್ತಿದ್ದಾಗ ದೊಡ್ಡಪ್ಪ ಮೂಟೆಯ ಕೊಕ್ಕೆ ಹೆಗಲಿಗೆ ಹಾಕಿಕೊಂಡು ಬಂದ. ಬೆಂಚಿನ ಮೇಲೆ ಕೂತ. ಆಕೆ ತಟ್ಟೆ ಇಟ್ಟಳು. ನಿಲ್ದಾಣವೆಲ್ಲ ನೋಡುತ್ತಿರುವಾಗ ಒಂದೊಂದಾಗಿ ತಿಂದು ಮುಗಿಸಿದ.

"ಉಪ್ಪು ಕಮ್ಮಿ ಆಗೈತಿ," ಎಂದ.

"ನಾಳಿ ಸರಿ ಹಾಕ್ತೀನಿ," ಎಂದಳು ಆಕೆ.

ಅಂದಿನಿಂದ ಆತ ಮನೆಯಲ್ಲೇ ಉಂಡ, ಮನೆಯಲ್ಲೇ ಮಲಗಿದ. ಹೆಚ್ಚು ಮಾತಿನ ಮನುಷ್ಯನಲ್ಲ, ಕ್ಷಮೆ ಕೇಳುವುದು ಬರುತ್ತಿರಲಿಲ್ಲ. ದೊಡ್ಡವ್ವನೂ ಕೇಳಿಸಿಕೊಳ್ಳಲು ಕಾದವಳಲ್ಲ.

ಆಕೆಯ ಮುಂದಿನ ಬದುಕನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಬರೆಯಬೇಕಾದದ್ದು ಬೇರೆ ಇದೆ. ವರ್ಷಗಟ್ಟಲೆ ಮಾತ್ರೆ ನುಂಗಿದಳು. ಮಚ್ಚೆ ಬೆಳೆಯಲಿಲ್ಲ. ಬಾಗಿದ ಎರಡು ಬೆರಳು ನೇರವಾಗಲಿಲ್ಲ, ಆದರೆ ಒಂದೂ ಹೋಗಲಿಲ್ಲ. ೧೯೮೬ರಲ್ಲಿ ಎದೆನೋವಿನಿಂದ ಸತ್ತಾಗ ಆಕೆಯ ಕೈಗಳನ್ನು ಎದೆಯ ಮೇಲೆ ಜೋಡಿಸಿದವಳು ನಾನು. ಹತ್ತೂ ಬೆರಳಿದ್ದವು.

ಈಗ ಆ ಕೊನೆಯ ಸಂಗತಿ. ಎಣ್ಣೆಗೆ ಕೈ ಕೊಡೆನೆಂದ ಮರುವರ್ಷ, ೧೯೭೨. ಹೋದ ಸಲ ಕಡುಬು ಕರಕಲಾದದ್ದು ಓಣಿಗೆ ಅಪಶಕುನವಾಗಿ ಕಾಡುತ್ತಿತ್ತು. ಸರದಿ ತಿರುಗಿ ಬರಬೇಕು, ಯಾರ ಮನೆಗೆ ಎಂಬ ಜಗಳ. ಅಷ್ಟರಲ್ಲಿ ಕೊಟ್ರಬಸಪ್ಪನವರ ಮನೆಯಿಂದಲೇ ಸುದ್ದಿ ಬಂತು. ರೂಪನಗುಡಿಯಿಂದ ತಂದ ಅವರ ಹೊಸ ಸೊಸೆ ಜಡೆಮ್ಮ ಒಲೆಯ ಮೇಲಿನ ಕಾದ ಹಂಚನ್ನು ಬರಿಗೈಲಿ ಇಳಿಸುತ್ತಾಳಂತೆ. ಅತ್ತೆಯೇ ಮನೆಮನೆಗೆ ಹೋಗಿ ಹೇಳಿ ಬಂದರು. ಅಮ್ಮ ಪಕ್ಕೀರಮ್ಮನ ಕೈ ಬಿಟ್ಟು ಜಡೆಮ್ಮನ ಕೈ ಹಿಡಿದಿದ್ದಾಳೆ ಎಂದು ಓಣಿ ಸಂಭ್ರಮಪಟ್ಟಿತು.

ಬಾವಿಯ ಹತ್ತಿರ ಈ ಮಾತು ದೂರದಿಂದ ಕೇಳಿದ ದೊಡ್ಡವ್ವ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದಳು. ನಾನು ಅಲ್ಲಿದ್ದೆ.

"ಕೊಟ್ರಬಸಪ್ಪನವರಿಗೆ ಹೇಳಿ ಕಳಿಸೋಣ ದೊಡ್ಡವ್ವಾ," ಎಂದೆ.

"ನಾನು ಹೇಳಿದ್ದು ಕೇಳ್ತಾರೇನು? ಹೊಟ್ಟಿಕಿಚ್ಚು ಅಂತಾರ. ಅಯ್ಯಣ್ಣನವರು ಬರೋದು ಶುಕ್ರವಾರ. ಮಂಗಳವಾರ ಆ ಹುಡುಗಿ ಕೈ ಹೊಕ್ಕತಿ."

ಮಂಗಳವಾರ ಆಕೆ ಅಂಗಡಿ ಹಾಕಲಿಲ್ಲ. ಬಾಣಲೆ ಕಾಯುವ ಹೊತ್ತಿಗೆ ಗುಡಿಗೆ ಹೋದಳು, ನಾನು ಹಿಂದೆ. ಆಕೆ ಬಂದ ಕಡೆ ಜನ ಸರಿದು ದಾರಿ ಬಿಟ್ಟರು. ಬೈಯುತ್ತಾ ಸರಿದರು, ಆದರೂ ಸರಿದರು. ಒದ್ದೆ ಸೀರೆಯಲ್ಲಿ ನಡುಗುತ್ತಾ ನಿಂತಿದ್ದ ಜಡೆಮ್ಮನಿಗೂ ಬಾಣಲೆಗೂ ನಡುವೆ ಹೋಗಿ ದೊಡ್ಡವ್ವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ಏಳು ಪಕ್ಕೀರಮ್ಮ," ಎಂದರು ಕೊಟ್ರಬಸಪ್ಪನವರು. ಸಿಟ್ಟಿಗಿಂತ ಹೆಚ್ಚು ದಿಗಿಲಿತ್ತು ಅವರ ದನಿಯಲ್ಲಿ. "ಮೈಲಿಗಿ ಮಾಡಬ್ಯಾಡ. ಏಳು."

"ಏಳಂಗಿಲ್ರೀ ಮಾವಾರ. ಯಾರರ ಬಂದು ತೋಳು ಹಿಡಿದು ಎಬ್ಬಿಸ್ರಿ. ಏಳ್ತೀನಿ."

ಯಾರೂ ಬರಲಿಲ್ಲ. ಅಷ್ಟು ಗಂಡಸರು ನಿಂತಿದ್ದರು. ಮೂಟೆ ಹೊರುವವರು, ಎತ್ತು ಪಳಗಿಸುವವರು. ಆಕೆಯನ್ನು ಮುಟ್ಟಬೇಕಾಗುತ್ತದೆ ಎಂದು ಒಬ್ಬನೂ ಹೆಜ್ಜೆ ಮುಂದಿಡಲಿಲ್ಲ. ಒಬ್ಬ ದೊಣ್ಣೆ ತರಲು ಹೋದವನು ಗುಂಪಿನಲ್ಲಿ ದೊಡ್ಡಪ್ಪನ ಕಣ್ಣು ನೋಡಿ ಅಲ್ಲೇ ನಿಂತ. ವರ್ಷವೆಲ್ಲ ಆಕೆಯನ್ನು ದೂರ ಇಟ್ಟ ಓಣಿಗೆ ಆಕೆಯನ್ನು ಅಲ್ಲಿಂದ ಕದಲಿಸುವುದು ಸಾಧ್ಯವಾಗಲಿಲ್ಲ. ನನಗೆ ಆ ಕ್ಷಣ ನಗು ಬಂತು, ಹೆಮ್ಮೆಯೂ ಆಯಿತು.

"ಜಡೆಮ್ಮಾ, ಕೂಡವ್ವ ಇಲ್ಲಿ," ಎಂದಳು ದೊಡ್ಡವ್ವ. ಆ ಹುಡುಗಿ ಮಾವನ ಮುಖ ನೋಡಿದಳು. ಕೂತಳು. "ಬಲಗೈ ಚಾಚು. ಕಣ್ಣು ಮುಚ್ಚಿಕೋ. ನಾನು ಮುಟ್ಟಿದ ಕೂಡ್ಲೇ ಹೂಂ ಅನ್ನು. ಇಷ್ಟ. ನೀ ಹೂಂ ಅಂದ್ರ ನಾನು ಎದ್ದು ಹೋಗ್ತೀನಿ, ಇವರು ಏನು ಬೇಕಾದ್ದು ಮಾಡಿಕೊಳ್ಳಲಿ."

ಅಷ್ಟಾದರೆ ಆಕೆ ಹೋಗುತ್ತಾಳಲ್ಲ ಎಂದು ಜನ ಸುಮ್ಮನಾದರು. ಹುಡುಗಿ ಕಣ್ಣು ಮುಚ್ಚಿದಳು. ದೊಡ್ಡವ್ವ ತನ್ನ ನೆಟ್ಟಗಿನ ಎಡಗೈಯಿಂದ ಗುಡಿಯ ತೋರಣದ ಒಂದು ಬೇವಿನ ಎಲೆ ಕಿತ್ತು, ಜಡೆಮ್ಮನ ಅಂಗೈಯ ಅಂಚಿನಲ್ಲಿ, ಕಿರುಬೆರಳ ಬುಡದಿಂದ ಮಣಿಕಟ್ಟಿನವರೆಗೆ ಎಳೆದಳು. ಹುಡುಗಿ ಅಲುಗಲಿಲ್ಲ. ಮತ್ತೊಮ್ಮೆ ಎಳೆದಳು. ಆಮೇಲೆ ಎಲೆಯನ್ನು ಅಲ್ಲೇ ಬಿಟ್ಟು ಕೈ ತೆಗೆದಳು. ಎಲ್ಲರಿಗೂ ಕಾಣುವಂತೆ ಎಲೆ ಆ ಅಂಗೈಯ ಅಂಚಿನ ಮೇಲೆ ಬಿದ್ದಿತ್ತು. 

ಜಡೆಮ್ಮ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಪರೀಕ್ಷೆಗೆ ಕೂತ ಮಗುವಿನಂತೆ ಕಾಯುತ್ತಿದ್ದಳು. ಆಗಷ್ಟೇ ಬಿಟ್ಟ ಕಡುಬುಗಳು ಬಾಣಲೆಯಲ್ಲಿ ಚುರುಗುಟ್ಟುತ್ತಿದ್ದವು. ಬಹಳ ಹೊತ್ತಾದ ಮೇಲೆ ಆಕೆಯೇ ಕೇಳಿದಳು.

"ಯಾವಾಗ ಮುಟ್ಟತೀರಿ ಅಕ್ಕಾರ?"

ಯಾರೋ ಹೆಂಗಸು ಬಿಕ್ಕಿದ್ದು ಕೇಳಿಸಿತು. ಅದು ಅತ್ತೆ. ಕೊಟ್ರಬಸಪ್ಪನವರು ಸೊಸೆಯ ಅಂಗೈ ನೋಡುತ್ತಾ ನಿಂತಿದ್ದರು. ದೇವಿಯನ್ನು ಪೂರ್ತಿ ನಂಬಿದ ಮನುಷ್ಯ ಅವರು. ಸೊಸೆಯ ಕೈಯನ್ನು ತಾವೇ ಎಣ್ಣೆಗೆ ಹಾಕಿಸುವವರಿದ್ದರು ಎಂದು ಅವರಿಗೆ ಆ ಕ್ಷಣ ಗೊತ್ತಾದದ್ದು ಮುಖದಲ್ಲೇ ಕಾಣುತ್ತಿತ್ತು.

"ಕಣ್ಣು ಬಿಡವ್ವ," ಎಂದಳು ದೊಡ್ಡವ್ವ. ಹುಡುಗಿ ಎಲೆ ನೋಡಿದಳು. ಅದನ್ನು ಎಡಗೈಯಿಂದ ಎತ್ತಿ, ಮತ್ತೆ ಇಟ್ಟು, ಮತ್ತೆ ಎತ್ತಿ ನೋಡಿದಳು. ಆಮೇಲೆ ಅಳತೊಡಗಿದಳು. "ಅಳಬ್ಯಾಡ. ನಿಂದು ಈಗ ಶುರು ಆಗೈತಿ. ಗುಳಿಗಿ ಐತಿ. ಬೆರಳು ಒಂದೂ ಹೋಗಂಗಿಲ್ಲ, ನಾನು ಬಿಡಂಗಿಲ್ಲ. ನಿನ್ನನ್ನ ಯಾರರ ಬಾವಿಯಾಗ ಕೊನೀಗೆ ನಿಲ್ಲು ಅಂದ್ರ ನನ್ನ ಕೂಡ ಬಾ. ಇಬ್ರೂ ಎಲ್ಲಾರಿಗಿಂತ ಮೊದಲ ನೀರು ಸೇದೋಣು. ಯಾರು ಹಿಡಿದು ಹಿಂದಕ್ಕ ಎಳೀತಾರ, ನೋಡೋಣು."

"ಕಡುಬು ಸೀದು ಹೊಕ್ಕಾವು," ಎಂದರು ಗುಂಪಿನಲ್ಲಿ ಯಾರೋ, ಮೆಲ್ಲಗೆ. "ಈ ವರ್ಷನೂ ತೆಗೀದಿದ್ರ ಹೆಂಗ?"

"ಕಡುಬು ತೆಗ್ಯಾಕ ಸೌಟು ಐತ್ರಿ," ಎಂದಳು ದೊಡ್ಡವ್ವ.

ಸೌಟು ಕಡುಬು ಬಿಡುವವರ ಪಕ್ಕದಲ್ಲೇ ಬಿದ್ದಿತ್ತು. ಆಕೆ ಬಲಗೈಗೆ ಸೆರಗು ಸುತ್ತಿ ಅದನ್ನು ಹಿಡಿದು, ಕಡುಬುಗಳನ್ನು ಒಂದೊಂದಾಗಿ ಎತ್ತಿ ಎಣ್ಣೆ ಬಸಿದು ಹಿತ್ತಾಳೆ ತಟ್ಟೆಗೆ ಹಾಕಿದಳು. ಹೊಂಬಣ್ಣಕ್ಕೆ ತಿರುಗಿದ್ದವು, ಒಂದೂ ಸೀದಿರಲಿಲ್ಲ. ಮೊದಲನೆಯದನ್ನು ಗುಡಿಯ ಹೊಸ್ತಿಲಲ್ಲಿಟ್ಟು ಕೈ ಮುಗಿದಳು. ತಟ್ಟೆಯನ್ನು ಜನರ ಕಡೆ ಚಾಚಿದಳು. ಯಾರೂ ಮುಂದೆ ಬರಲಿಲ್ಲ. ಆಗ ಜಡೆಮ್ಮ ಕಣ್ಣು ಒರೆಸಿಕೊಂಡು, ಹಿಂದಿನ ದಿನದಿಂದ ಹಸಿದವಳು, ತಟ್ಟೆಯಲ್ಲಿದ್ದ ಕಡುಬಿಗೆ ಬಲಗೈ ಚಾಚಿದಳು.

ದೊಡ್ಡವ್ವ ತಟ್ಟೆಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು.

"ತಡಿಯವ್ವ, ಆರಲಿ. ಸುಡತೈತಿ. ನಿನಗ ಗೊತ್ತಾಗಂಗಿಲ್ಲ, ಅದಕ್ಕ ನಾ ಹೇಳಾಕತ್ತೀನಿ."

ಇಬ್ಬರೂ ತಟ್ಟೆಯನ್ನು ನಡುವೆ ಇಟ್ಟುಕೊಂಡು ಕೂತರು. ಮನೆಗೆ ಹೋಗಿ ಎಂದು ಓಣಿಗೆ ಯಾರೂ ಹೇಳಲಿಲ್ಲ, ಯಾರೂ ಹೋಗಲೂ ಇಲ್ಲ. ಕೊಟ್ರಬಸಪ್ಪನವರೂ ನಿಂತಿದ್ದರು. ಆ ಕಡುಬು ಆರುವವರೆಗೆ ಎಲ್ಲರೂ ಕಾದರು.